ಉದ್ದರಿ ಕೊಡುವ ಮೊದಲು ಪಾರ್ಟಿಯ ಮಾಹಿತಿ ತೆಗೆಸುವುದು ಹೇಗೆ?

ವಾಶಿಯ ಎಪಿಎಂಸಿಯಿಂದ ಮುಂಬಯಿಯ ಹೋಟೆಲುಗಳಿಗೆ ಅಕ್ಕಿ, ಬೇಳೆ, ಮಸಾಲೆ ಪೂರೈಸುವ ನಮ್ಮವರಲ್ಲಿ ಹೊಸ ಪಾರ್ಟಿಗೆ (ಗಿರಾಕಿಗೆ) ಉದ್ದರಿ ಕೊಡುವ ತೀರ್ಮಾನ ಹೆಚ್ಚಾಗಿ ಒಂದು ಫೋನಿನಲ್ಲೇ ಆಗಿಬಿಡುತ್ತದೆ: ‘ಅವರು ಗೊತ್ತಿದ್ದವರಾ?’ ಆ ಮಾತಿಗೂ ಬೆಲೆಯಿದೆ. ಆದರೆ ಐದು ಲಕ್ಷದ ಮಾಲು ಹೋಗುವಾಗ ಅಷ್ಟೇ ಸಾಲದು. ಪಾರ್ಟಿಯ ಹಿನ್ನೆಲೆ ಹುಡುಕಿಕೊಡುವ ವೃತ್ತಿಪರ ಮಾಹಿತಿ ಸಂಶೋಧಕರಿಗೆ ಕೊಡುವ ಶುಲ್ಕ ಮುಳುಗುವ ಬಾಕಿಯ ಮುಂದೆ ಸಣ್ಣದು.

ಮೊದಲು ಅವರಿಗೆ ಪ್ರಶ್ನೆ ಬರೆದುಕೊಡಿ. ‘ಪಾರ್ಟಿ ಹೇಗಿದೆ?’ ಎಂದು ಕೇಳಿದರೆ ಕೈಗೆ ಬರುವುದು ಕಾಗದದ ಕಂತೆ. ‘5 ಲಕ್ಷದ ಮಾಲು 45 ದಿನಕ್ಕೆ ಕೊಡಬಹುದೇ? ಇಲ್ಲವಾದರೆ ಎಷ್ಟರವರೆಗೆ?’ ಎಂದು ಕೇಳಿ.

ಎರಡನೆಯದು ಜಿಎಸ್‌ಟಿ ನಂಬರು. 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು: ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30. ಮುಂದಿನ ಹತ್ತು ಪ್ಯಾನ್. ಇಡೀ ನಂಬರಿನ ಆರನೆಯ ಅಕ್ಷರ ನೋಡಿ: ‘ಪಿ’ ಇದ್ದರೆ ಒಬ್ಬ ವ್ಯಕ್ತಿಯ ವ್ಯಾಪಾರ, ‘ಎಫ್’ ಆದರೆ ಪಾಲುದಾರಿಕೆ, ‘ಸಿ’ ಆದರೆ ಕಂಪನಿ. ಬೋರ್ಡಿನ ಮೇಲೆ ‘ಪ್ರೈವೇಟ್ ಲಿಮಿಟೆಡ್’ ಎಂದಿದ್ದು ನಂಬರಿನಲ್ಲಿ ‘ಪಿ’ ಇದ್ದರೆ ಅಲ್ಲೇ ನಿಲ್ಲಿ. ನಾಳೆ ವಸೂಲಿ ಯಾರ ಮೇಲೆ ಎಂಬುದು ಈಗಲೇ ಇತ್ಯರ್ಥವಾಗಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಣಿ ಚಾಲ್ತಿಯಲ್ಲಿದೆಯೇ, ರಿಟರ್ನ್ ಯಾವ ತಿಂಗಳಿನವರೆಗೆ ಸಲ್ಲಿಕೆಯಾಗಿದೆ ಎಂಬುದು ಸಿಗುತ್ತದೆ. ಇಲ್ಲೊಂದು ಎಚ್ಚರ: ಮೂರು ತಿಂಗಳಿಗೊಮ್ಮೆ ಸಲ್ಲಿಸುವವರೂ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆಯಾದ ಕಾಂಪೊಸಿಷನ್‌ನಲ್ಲಿರುವವರೂ ಇದ್ದಾರೆ, ಅವರ ಪಟ್ಟಿಯಲ್ಲಿ ಪ್ರತಿ ತಿಂಗಳ ನಮೂದು ಇರದಿದ್ದರೆ ಅದು ಬಾಕಿಯಲ್ಲ.

ಪಾರ್ಟಿ ಕಂಪನಿಯಾಗಿದ್ದರೆ ಮುಖ್ಯ ಕೆಲಸ ಇರುವುದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ. ಬ್ಯಾಂಕ್ ಸಾಲಕ್ಕೆ ಆಸ್ತಿಯ ಮೇಲೆ ಚಾರ್ಜ್ (ಸಾಲ ಕೊಟ್ಟವರ ಹಕ್ಕು) ಬಿದ್ದಿದೆಯೇ ನೋಡಿ. 100 ರೂಪಾಯಿ ಶುಲ್ಕಕ್ಕೆ ಸಲ್ಲಿಸಿದ ಲೆಕ್ಕಪತ್ರಗಳೂ ತೆರೆಯುತ್ತವೆ. ಆ ವರ್ಷದ ಖರೀದಿ 1.2 ಕೋಟಿ, ಪೂರೈಕೆದಾರರಿಗೆ ಬಾಕಿ 20 ಲಕ್ಷ ಎಂದಿಟ್ಟುಕೊಳ್ಳಿ. 20 ಅನ್ನು 120ರಿಂದ ಭಾಗಿಸಿ 365ರಿಂದ ಗುಣಿಸಿದರೆ ಸುಮಾರು 61 ದಿನ. ಎಲ್ಲರಿಗೂ ಎರಡು ತಿಂಗಳಿಗೆ ಕೊಡುವವರು ನಿಮಗೆ ಮಾತ್ರ 45 ದಿನಕ್ಕೆ ಕೊಡುವ ಭರವಸೆ ಎಲ್ಲಿದೆ? ಲೆಕ್ಕದ ತಾರೀಖೂ ಮುಖ್ಯ. ಮಾರ್ಚ್‌ಗೆ ಮುಗಿದ ಲೆಕ್ಕ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಸಲ್ಲಿಕೆಯಾಗುವುದರಿಂದ ಆಗಸ್ಟ್‌ನಲ್ಲಿ ಸಿಗುವುದು ಹೆಚ್ಚಾಗಿ ಒಂದೂವರೆ ವರ್ಷದ ಹಿಂದಿನ ಸ್ಥಿತಿ.

ಒಬ್ಬರ ಮಾಲೀಕತ್ವದ ಅಂಗಡಿ, ಹೋಟೆಲುಗಳ ಲೆಕ್ಕ ಅಲ್ಲಿ ಇರುವುದಿಲ್ಲ. ಆಗ ಈಗಿನ ಪೂರೈಕೆದಾರರಲ್ಲಿ ಇಬ್ಬರನ್ನಾದರೂ ವಿಚಾರಿಸಬೇಕು. ಪಾರ್ಟಿ ಕೊಟ್ಟ ಹೆಸರುಗಳನ್ನು ಬಿಟ್ಟು ನೀವೇ ಹುಡುಕಿದವರನ್ನು ಕೇಳಿ.

ಕೋರ್ಟ್ ಕೇಸುಗಳನ್ನು ತೋರಿಸುವ ಸರಕಾರಿ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಹೆಸರು ಹುಡುಕುವಾಗ ಕಾಗುಣಿತವೇ ಕೈಕೊಡುತ್ತದೆ. ಇಂಗ್ಲಿಷಿನಲ್ಲಿ ಶೆಟ್ಟಿ, ಪೂಜಾರಿ ಎರಡು ಮೂರು ರೀತಿ ಬರೆಯಲ್ಪಡುತ್ತವೆ. ಎಲ್ಲವನ್ನೂ ಹಾಕಿ ನೋಡಬೇಕು. ಬಾಡಿಗೆ ತಕರಾರಿಗೆ ಹೆದರಬೇಕಿಲ್ಲ, ಚೆಕ್ ಬೌನ್ಸ್ ಕೇಸು ಸಾಲಾಗಿ ಇದ್ದರೆ ಉದ್ದರಿಯ ಮಾತು ಬೇಡ.

ವರದಿ ಎರಡು ಪುಟ ಸಾಕು: ಮೇಲೆ ನಿಮ್ಮ ಪ್ರಶ್ನೆಗೆ ಉತ್ತರ, ಕೆಳಗೆ ಪ್ರತಿ ಸಂಗತಿ ಎಲ್ಲಿ, ಯಾವ ದಿನ ಸಿಕ್ಕಿತು ಎಂಬುದು. ‘ಸಿಗಲಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಬರೆದಿದ್ದರೆ ವಾಪಸ್ ಕಳಿಸಿ. ಪಾರ್ಟಿಯ ಬ್ಯಾಂಕ್ ಸ್ಟೇಟ್‌ಮೆಂಟ್ ಗುಟ್ಟಾಗಿ ತಂದುಕೊಡುತ್ತೇನೆ ಎನ್ನುವವರಿಗೆ ಕೆಲಸ ಕೊಡಲೇಬೇಡಿ.

ಉತ್ತರ ಅರ್ಧಂಬರ್ಧ ಇದ್ದರೆ ಒಂದು ಲಕ್ಷದ ಮಾಲು, 15 ದಿನದ ಉದ್ದರಿಯಿಂದ ಶುರುಮಾಡಿ. ಮಿತಿ ಏರಿಸುವ ಪ್ರತಿ ಸಲ ಜಿಎಸ್‌ಟಿ ಸ್ಥಿತಿಯನ್ನೂ ಕೋರ್ಟಿನ ಪಟ್ಟಿಯನ್ನೂ ಹೊಸದಾಗಿ ನೋಡಿಸಿ.