ಮಳೆಸೀಮೆಯ ಹಿತ್ತಲಿಗೊಂದು ಪೆಪ್ಪರ್‌ಮಿಂಟ್

ಪೆಪ್ಪರ್‌ಮಿಂಟ್ ಬೀಜದ ಪೊಟ್ಟಣ ಮಾರಲು ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳುಹಿಸಿಬಿಡಿ. ಇದು ಯೂರೋಪಿನಲ್ಲಿ ನೀರಿನಂಚಿಗೆ ಬೆಳೆಯುವ ಕಾಡು ಪುದೀನಕ್ಕೂ ನಾವು ಚಟ್ನಿಗೆ ಹಾಕುವ ಪುದೀನಕ್ಕೂ ಹುಟ್ಟಿದ ಬೆರಕೆ ಗಿಡ. ಹೂ ಬಿಡುತ್ತದೆ, ಬಿತ್ತುವಂಥ ಬೀಜ ಕಟ್ಟುವುದಿಲ್ಲ. 1696ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಜಾನ್ ರೇ ಇದನ್ನು ದಾಖಲಿಸಿದ. ಅಂದಿನಿಂದ ಇಂದಿನವರೆಗೂ ಇದು ಹಬ್ಬಿರುವುದು ಬಳ್ಳಿಯ ತುಂಡುಗಳಿಂದಲೇ.

ಆದ್ದರಿಂದ ಬೆಳೆದವರ ಮನೆಯಿಂದ ಬೇರು ಬಿಟ್ಟ ಕುಡಿ ಕೇಳಿ ತನ್ನಿ. ಪುದೀನದ ಎಲೆ ಕಾಂಡಕ್ಕೇ ಅಂಟಿದಂತಿರುತ್ತದೆ. ಇದರ ಎಲೆಗೆ ತೊಟ್ಟು ಎದ್ದು ಕಾಣುತ್ತದೆ, ಕಾಂಡಕ್ಕೆ ಸಾಮಾನ್ಯವಾಗಿ ನೇರಳೆ ಛಾಯೆ. ಎಲೆ ಅಗಿದು ಉಸಿರೆಳೆದರೆ ಗಂಟಲು ತಣ್ಣಗಾಗಬೇಕು.

ಮಳೆ ಹಿಂದೆ ಸರಿದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ನೆಡಿ. ನೆಲಕ್ಕೆ ಬೇಡ, ಹಿತ್ತಲನ್ನೆಲ್ಲ ನುಂಗುತ್ತದೆ. ತೂತು ಮಾಡಿದ ಹಳೆಯ ಬಕೆಟ್ಟಿಗೆ ಮಣ್ಣು, ಮರಳು, ಹಟ್ಟಿಗೊಬ್ಬರ ಬೆರೆಸಿ ತುಂಬಿದರೆ ಸಾಕು. ತೀರ್ಥಹಳ್ಳಿ, ಆಗುಂಬೆ ಕಡೆಯ ನಮಗೆ ಗಿಡಕ್ಕೆ ನೀರುಣಿಸುವುದಕ್ಕಿಂತ ನೀರು ತಪ್ಪಿಸುವುದೇ ದೊಡ್ಡ ಕೆಲಸ. ಜೂನ್ ಹೊತ್ತಿಗೆ ಎರಡು ಬೆರಳಷ್ಟು ಉಳಿಸಿ ಕತ್ತರಿಸಿ, ಬಕೆಟ್ಟನ್ನು ಸೂರಿನ ನೀರು ಬೀಳದ ಕಡೆ ಇಡಿ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ. ಆ ಕುಡಿಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಟ್ಟುಬಿಡಿ.

ಕಷಾಯಕ್ಕೆ ಎಲೆಯನ್ನು ಕುದಿಸಬಾರದು. ನೀರು ಕುದಿಸಿ ಇಳಿಸಿ, ಲೋಟಕ್ಕೆ ಏಳೆಂಟು ಎಲೆ ಜಜ್ಜಿ ಹಾಕಿ, ಹತ್ತು ನಿಮಿಷ ಮುಚ್ಚಿಡಿ. ತಟ್ಟೆ ತೆಗೆಯುವಾಗ ಅದರ ಒಳಮೈಯ ಹನಿಗಳನ್ನು ಲೋಟಕ್ಕೇ ಕೊಡವಿ. ಆವಿಯೊಡನೆ ಎದ್ದ ಎಣ್ಣೆ ಅಲ್ಲಿರುತ್ತದೆ. ತಂಬುಳಿಗೆ ಮಾತ್ರ ಊರಿನ ಪುದೀನವೇ ಸರಿ. ಇದರಲ್ಲಿ ಮಾಡಿದರೆ ಹಲ್ಲುಜ್ಜುವ ಪೇಸ್ಟಿಗೆ ಮಜ್ಜಿಗೆ ಕಲಸಿದಂತಾಗುತ್ತದೆ.

ಹಬ್ಬದೂಟದ ಮೇಲಿನ ಹೊಟ್ಟೆಯುಬ್ಬರಕ್ಕೆ ಇದು ಒಳ್ಳೆಯದು. ಇದರಲ್ಲಿರುವ ಮೆಂಥಾಲ್ ಕರುಳಿನ ಸ್ನಾಯುಗಳ ಬಿಗಿ ಸಡಿಲಿಸುತ್ತದೆ. ಕರುಳು ಕೆರಳುವ ತೊಂದರೆಗೆ ವೈದ್ಯರು ಕೊಡುವ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ಹೊಟ್ಟೆಯಲ್ಲಿ ಕರಗದೆ ಕರುಳು ತಲುಪುವಂತೆ ಹೊದಿಕೆ ಹಾಕಿರುತ್ತಾರೆ. ಕಾರಣವಿದೆ: ಅನ್ನನಾಳದ ಕೆಳಬಾಯಿಯೂ ಸಡಿಲವಾದರೆ ಹುಳಿ ಮೇಲೇರುತ್ತದೆ. ಎದೆಯುರಿಯಿರುವ ನಮ್ಮತ್ತೆಗೆ ನಾನು ಕೊಡುವುದು ಜೀರಿಗೆ ಕಷಾಯ ಮಾತ್ರ.

ನೆಗಡಿಗೆ ಕುಡಿದರೆ ಮೂಗು ತೆರೆದಂತೆ ಅನ್ನಿಸುತ್ತದೆ. ತಂಪು ಗುರುತಿಸುವ ನರಗಳನ್ನು ಮೆಂಥಾಲ್ ಎಬ್ಬಿಸುವುದರಿಂದ ಹಾಗಾಗುತ್ತದೆ, ಕಟ್ಟಿಕೊಂಡದ್ದು ಹಾಗೆಯೇ ಇರುತ್ತದೆ. ದೊಡ್ಡವರಿಗೆ ಅಷ್ಟು ನೆಮ್ಮದಿಯೂ ಸಾಕು. ಕೂಸುಗಳ ಮೂಗಿನ ಬಳಿ ಮಾತ್ರ ಇದರ ಎಣ್ಣೆ ಸವರಬೇಡಿ, ಉಸಿರು ಕಟ್ಟುವ ಅಪಾಯವಿದೆ. ಅಜ್ಜಿಯಂದಿರು ಹೇಳಿದರೂ ಬೇಡ.