ಮಳೆಗಾಲಕ್ಕೆ ಮುಂಚೆ ಹಾಡು ಇಳಿಸಿಟ್ಟುಕೊಳ್ಳಿ

ಮಳೆ ಜೋರಾದರೆ ನಮ್ಮ ಕೊಡಗಿನ ಭಾಗಮಂಡಲ, ನಾಪೋಕ್ಲು ಕಡೆ ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್‌ವರ್ಕ್ ಕೂಡ. ಹಾಗಾಗಿ ವೈಫೈ ಚೆನ್ನಾಗಿರುವಾಗಲೇ ಹಾಡು ಇಳಿಸಿಟ್ಟುಕೊಳ್ಳಿ.

ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್, ಆಪಲ್ ಮ್ಯೂಸಿಕ್ ಎಲ್ಲದರಲ್ಲೂ ಕನ್ನಡ ಹಾಡು ಬೇಕಾದಷ್ಟಿವೆ. ಆದರೆ ಅಲ್ಲಿ ಇಳಿಸಿದ ಹಾಡು ನಮ್ಮದಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ. ಸ್ಪಾಟಿಫೈಯಲ್ಲಿ 30 ದಿನಕ್ಕೊಮ್ಮೆಯಾದರೂ ನೆಟ್ ಆನ್ ಮಾಡಿ ಆ್ಯಪ್ ತೆರೆಯಬೇಕು. ಇಲ್ಲದಿದ್ದರೆ ಇಳಿಸಿದ್ದು ಕೇಳಲು ಸಿಗುವುದಿಲ್ಲ. ಚಂದಾ ನಿಲ್ಲಿಸಿದರೂ ಅಷ್ಟೇ.

ಹಾಡು ಖಾಯಂ ಬೇಕು ಅಂದರೆ ಕೊಂಡುಕೊಳ್ಳುವುದೇ ಸರಿ. ಐಟ್ಯೂನ್ಸ್ ಸ್ಟೋರ್‌ನಲ್ಲಿ ಒಂದೊಂದೇ ಹಾಡು ಕೊಳ್ಳಬಹುದು, ಇಡೀ ಆಲ್ಬಂ ಬೇಕಿಲ್ಲ. ಬ್ಯಾಂಡ್‌ಕ್ಯಾಂಪ್ ಅನ್ನುವ ವೆಬ್‌ಸೈಟ್‌ನಲ್ಲಿ ಕೊಂಡರೆ ಎಂಪಿ3 ಫೈಲೇ ಕೈಗೆ ಬರುತ್ತದೆ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಜೀಪಿನಲ್ಲೂ ಕೇಳಬಹುದು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಸಿನಿಮಾ ಹಾಡು ಕಡಿಮೆ, ಸ್ವತಂತ್ರ ಕಲಾವಿದರು ಜಾಸ್ತಿ. ಕೊಟ್ಟ ಹಣದ ದೊಡ್ಡ ಪಾಲು ಅವರಿಗೇ ಹೋಗುತ್ತದೆ.

ನಮ್ಮ ಕೊಡಗಿನ ಭಾಷೆಗಳಾದ ಕೊಡವ ತಕ್ಕ್, ಅರೆಭಾಷೆಯಲ್ಲಿ ಹಾಡು ಮಾಡುವವರಿಗೆ ಕೇಳುಗರೇ ಕಡಿಮೆ, ಅಲ್ವಾ? ವಾಟ್ಸಾಪ್‌ನಲ್ಲಿ ಸುಮ್ನೆ ಫೈಲ್ ಹಂಚಿದರೆ ಅವರಿಗೆ ಒಂದು ಪೈಸೆಯೂ ಸಿಗುವುದಿಲ್ಲ. ಇನ್ನು ಮುಂದೆ ನಮ್ಮ ಈ ವಾಟ್ಸಾಪ್ ಗುಂಪಿನಲ್ಲಿ ಫೈಲ್ ಬದಲು ಲಿಂಕ್ ಹಾಕಿ, ದಯವಿಟ್ಟು.