ಅಪ್ಪನ ಫೋನಿನಲ್ಲಿ ಕನ್ನಡ ಅಕ್ಷರ ದಪ್ಪ ಮಾಡಿದ್ದು, ಅದಕ್ಕೂ ಮೊದಲು ಬ್ಯಾಕಪ್ ತೆಗೆದದ್ದು

ನಮ್ಮಪ್ಪ ಬೆಳಿಗ್ಗೆ ಎದ್ದ ತಕ್ಷಣ ಫೋನಿನಲ್ಲಿ ನೋಡುವುದು ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ. ಆಮೇಲೆ ವಾಟ್ಸ್ಯಾಪ್. ಕಣ್ಣಿನ ಆಪರೇಷನ್ ಆದ ಮೇಲೂ ಅವರಿಗೆ ಓದಲು ಕಷ್ಟವಾಗುತ್ತಿತ್ತು. ಅಕ್ಷರದ ಗಾತ್ರವನ್ನು ಪೂರ್ತಿ ಜಾಸ್ತಿ ಮಾಡಿ ಕೊಟ್ಟೆ. ಒಂದು ಸಾಲಿಗೆ ಎರಡು ಪದ ಹಿಡಿಯುವಷ್ಟು ದೊಡ್ಡದಾಯಿತು, ಗೆರೆ ಮಾತ್ರ ತೆಳುವಾಗಿಯೇ ಕಾಣುತ್ತಿತ್ತು. "ದೊಡ್ಡದು ಬೇಡ ಕಣೋ, ದಪ್ಪ ಬೇಕು" ಅಂದರು. ಸರಿಯಾದ ಮಾತು. ಕನ್ನಡದ ಒತ್ತಕ್ಷರ ಕೆಳಗೆ ಚಿಕ್ಕದಾಗಿ ಕೂರುತ್ತದೆ, ಗೆರೆ ತೆಳುವಾದರೆ ಕಣ್ಣಿಗೆ ಮೊದಲು ತಪ್ಪಿಹೋಗುವುದು ಅದೇ.

ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದು ಇರುವವರು ಮೊದಲು ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ದಪ್ಪ ಅಕ್ಷರದ ಆಯ್ಕೆ ನೋಡಿ, ಅಲ್ಲೇ ಕೆಲಸ ಮುಗಿಯಬಹುದು. ಅಪ್ಪನ ಫೋನ್ ಆಂಡ್ರಾಯ್ಡ್ 9. ಅದರಲ್ಲಿ ಆ ಆಯ್ಕೆ ಇಲ್ಲ. ಫಾಂಟ್ ಫೈಲನ್ನೇ ಬದಲಾಯಿಸಬೇಕು, ಅದಕ್ಕೆ ರೂಟ್ (ಫೋನಿನ ಸಿಸ್ಟಮ್ ಫೈಲುಗಳನ್ನೂ ಮುಟ್ಟುವ ಅಧಿಕಾರ) ಬೇಕು, ರೂಟ್‌ಗೆ ಬೂಟ್‌ಲೋಡರ್ (ಫೋನ್ ಆನ್ ಮಾಡಿದಾಗ ಆಂಡ್ರಾಯ್ಡನ್ನು ಏರಿಸುವ ಪ್ರೋಗ್ರಾಂ) ಅನ್‌ಲಾಕ್ ಆಗಬೇಕು, ಮತ್ತು ಅನ್‌ಲಾಕ್ ಮಾಡಿದ ಕೂಡಲೇ ಫೋನ್ ತನ್ನೊಳಗಿನ ಎಲ್ಲವನ್ನೂ ಅಳಿಸಿಬಿಡುತ್ತದೆ. ಇದು ಬೇಕೆಂದೇ ಇಟ್ಟ ವ್ಯವಸ್ಥೆ. ಇಲ್ಲದಿದ್ದರೆ ಕದ್ದವನು ಅನ್‌ಲಾಕ್ ಮಾಡಿ ನಮ್ಮ ಫೋಟೋ, ಮೆಸೇಜ್ ಎಲ್ಲಾ ನೋಡಬಹುದಿತ್ತು.

ಅಲ್ಲಿಗೆ ನಾನು ನಿಂತೆ. ಯಾಕೆಂದರೆ ಆ ಫೋನಿನಲ್ಲಿ ನಮ್ಮಜ್ಜಿಯ ದನಿ ಇತ್ತು. ಅಜ್ಜಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ, ಚಿಕ್ಕಪ್ಪನ ಮನೆಯಿಂದ ದಿನಾ ವಾಯ್ಸ್ ಮೆಸೇಜ್ ಹಾಕುತ್ತಿದ್ದರು. ಊಟ ಆಯ್ತಾ, ಹಸು ಕರು ಹಾಕ್ತಾ, ಮಳೆ ಬಂತಾ, ಇಷ್ಟೇ. ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತು. ಅಪ್ಪ ಅದರಲ್ಲಿ ಒಂದನ್ನೂ ಅಳಿಸಿಲ್ಲ.

ಮೊದಲ ಸಲ ಎಲ್ಲರಂತೆ ಯುಎಸ್‌ಬಿ ಕೇಬಲ್ ಹಾಕಿ, ಲ್ಯಾಪ್‌ಟಾಪಿನಲ್ಲಿ ಫೋನ್ ತೆರೆದು, ವಾಟ್ಸ್ಯಾಪ್ ಫೋಲ್ಡರ್ ಎಳೆದು ಹಾಕಿದೆ. ತಪ್ಪಿದೆ ಎಂಬ ಮೆಸೇಜ್ ಏನೂ ಬರಲಿಲ್ಲ. ಸುಮ್ನೆ ಒಂದು ಅನುಮಾನಕ್ಕೆ ಎಣಿಸಿದೆ. ಫೋನಿನಲ್ಲಿ 1,140 ವಾಯ್ಸ್ ಫೈಲ್, ಲ್ಯಾಪ್‌ಟಾಪಿನಲ್ಲಿ 1,098. ನಲವತ್ತೆರಡು ಫೈಲ್ ಬಂದೇ ಇರಲಿಲ್ಲ. ಕೇಬಲ್‌ನಲ್ಲಿ ಹೀಗೆ ತೆರೆದಾಗ ನಮಗೆ ಕಾಣುವುದು ಫೋನ್ ತನ್ನ ಮೀಡಿಯಾ ಪಟ್ಟಿ ನೋಡಿ ತೋರಿಸುವ ಫೈಲ್‌ಗಳು. ಆ ಪಟ್ಟಿಗೆ ಸೇರದೇ ಉಳಿದದ್ದು ಕಾಣಿಸದೆಯೂ ಇರಬಹುದು. ಅವತ್ತು ಎಣಿಸದೇ ಅನ್‌ಲಾಕ್ ಮಾಡಿಬಿಟ್ಟಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆಯೊಳಗೆ ತಣ್ಣಗಾಗುತ್ತದೆ.

ಎರಡನೇ ಸಲ ಎಡಿಬಿ ಬಳಸಿದೆ, ಅದು ಲ್ಯಾಪ್‌ಟಾಪಿನಿಂದ ಕೇಬಲ್ ಮೂಲಕ ಫೋನಿಗೆ ಕಮಾಂಡ್ ಕೊಡುವ ಸಾಧನ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ, ಅಲ್ಲಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪಿನಿಂದ ಎಡಿಬಿ ಪುಲ್ ಕಮಾಂಡ್ ಕೊಟ್ಟು ಇಂಟರ್ನಲ್ ಸ್ಟೋರೇಜ್ ಪೂರ್ತಿ ಎಳೆದೆ. ಪುಲ್ ಜೊತೆಗೆ ಮೈನಸ್ ಎ ಸೇರಿಸುವುದನ್ನು ಮರೆಯಬೇಡಿ. ಸೇರಿಸಿದರೆ ಫೈಲಿನ ಹಳೆಯ ತಾರೀಖು ಹಾಗೇ ಉಳಿಯುತ್ತದೆ, ಇಲ್ಲದಿದ್ದರೆ ಎಲ್ಲದಕ್ಕೂ ಇವತ್ತಿನ ತಾರೀಖು ಬೀಳುತ್ತದೆ. ಈ ಸಲ ಎರಡೂ ಕಡೆ 1,140. ವಾಯ್ಸ್ ಮೆಸೇಜುಗಳು ಸಾಮಾನ್ಯ ಆಪಸ್ ಫೈಲ್‌ಗಳು, ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಹಾಕಿ ಅಲ್ಲಲ್ಲಿ ಹತ್ತಿಪ್ಪತ್ತು ಕೇಳಿ ನೋಡಿದೆ.

ಚಾಟ್ ವಿಷಯ ಬೇರೆ. ವಾಟ್ಸ್ಯಾಪ್ ದಿನಾ ರಾತ್ರಿ ಎರಡು ಗಂಟೆಗೆ ಫೋನಿನಲ್ಲೇ ಒಂದು ಬ್ಯಾಕಪ್ ಫೈಲ್ ಬರೆಯುತ್ತದೆ, ಆದರೆ ಅದಕ್ಕೆ ಬೀಗ ಹಾಕಿರುತ್ತದೆ. ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಲು ಆಗುವುದಿಲ್ಲ. ಹಾಗಾಗಿ ನನ್ನ ಹಳೇ ಫೋನಿಗೆ ಆ ಫೋಲ್ಡರ್ ಹಾಕಿ, ವಾಟ್ಸ್ಯಾಪ್ ಇನ್‌ಸ್ಟಾಲ್ ಮಾಡಿ, ಅಪ್ಪನ ನಂಬರ್ ಕೊಟ್ಟು, ಓಟಿಪಿ ಹಾಕಿದೆ. ಬ್ಯಾಕಪ್ ಸಿಕ್ಕಿದೆ, ರೀಸ್ಟೋರ್ ಮಾಡಲಾ ಅಂತ ಕೇಳಿತು. ಮಾಡಿದೆ. ಚಾಟ್ ಎಲ್ಲಾ ಬಂತು, ಅಜ್ಜಿಯ ಮೆಸೇಜ್ ಒತ್ತಿದರೆ ದನಿಯೂ ಬಂತು. ಆಗ ಧೈರ್ಯ ಬಂತು ನೋಡಿ. ಇನ್ನೊಂದು ಫೋನಿನಲ್ಲಿ ತೆರೆದುಕೊಳ್ಳುವವರೆಗೆ ಅದನ್ನು ಬ್ಯಾಕಪ್ ಅಂತ ನಾನು ಕರೆಯುವುದಿಲ್ಲ.

ಕಾಂಟ್ಯಾಕ್ಟ್ಸ್ ಎಲ್ಲಾ ಕನ್ನಡದಲ್ಲೇ ಇದ್ದವು, ಎಲ್ಲಾ ಫೋನಿನಲ್ಲೇ ಸೇವ್ ಆಗಿದ್ದವು. ವಿಸಿಎಫ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ನೋಟ್‌ಪ್ಯಾಡಿನಲ್ಲಿ ತೆರೆದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ! ಸಮ ಚಿಹ್ನೆ, ಇ0, ಸಮ ಚಿಹ್ನೆ, ಬಿ2, ಸಮ ಚಿಹ್ನೆ, 85, ಹೀಗೆ ಉದ್ದಕ್ಕೆ. ಫೈಲ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಹಳೇ ವಿಕಾರ್ಡ್ ಪದ್ಧತಿಯಲ್ಲಿ ಪ್ರತಿ ಬೈಟನ್ನೂ ಹೀಗೆ ಬಿಡಿಸಿ ಬರೆಯುತ್ತಾರೆ. "ಅಮ್ಮ" ಅನ್ನುವುದರಲ್ಲಿ ಅ, ಮ, ಒತ್ತು ಕೂಡಿಸುವ ವಿರಾಮ, ಇನ್ನೊಂದು ಮ, ನಾಲ್ಕು ಚಿಹ್ನೆ, ಅಂದರೆ 12 ಜೋಡಿ. ಆ ಇ0, ಬಿ2, 85 ಇದೆಯಲ್ಲ, ಅದೇ ಅ. ಬೇರೆ ಫೋನಿಗೆ ಇಂಪೋರ್ಟ್ ಮಾಡಿದಾಗ "ಗೊಬ್ಬರದ ಅಂಗಡಿ", "ಹಾಲಿನ ಡೈರಿ" ಎಲ್ಲಾ ಸರಿಯಾಗಿ ಬಂದವು.

ಎಸ್ಸೆಮ್ಮೆಸ್‌ಗೆ ಎಸ್‌ಎಂಎಸ್ ಬ್ಯಾಕಪ್ ಅಂಡ್ ರೀಸ್ಟೋರ್ ಆ್ಯಪ್ ಸಾಕಾಯಿತು. ಓಟಿಪಿ ಕೊಡುವ ಆಥೆಂಟಿಕೇಟರ್ ಆ್ಯಪ್ ಇರುವವರು ಅದನ್ನು ಬೇರೆ ಫೋನಿಗೆ ಮೊದಲೇ ಸಾಗಿಸಿ. ಇನ್ನೊಂದು ಮಾತು. ಟಿಡಬ್ಲ್ಯುಆರ್‌ಪಿ ರಿಕವರಿಯಲ್ಲಿ (ರೂಟ್ ಮಾಡುವವರು ಆಂಡ್ರಾಯ್ಡ್‌ನ ಹೊರಗೆ ಬಳಸುವ ಸಾಧನ) ಡೇಟಾ ಬ್ಯಾಕಪ್ ತೆಗೆದಿದ್ದೇನೆ, ಫೋಟೋ ಎಲ್ಲಾ ಅದರಲ್ಲಿದೆ ಅಂತ ನಂಬಿ ಕೂರಬೇಡಿ. ಅದು ಇಂಟರ್ನಲ್ ಸ್ಟೋರೇಜನ್ನು ಬಿಟ್ಟು ಬ್ಯಾಕಪ್ ತೆಗೆಯುತ್ತದೆ. ಫೋಟೋ ಇರುವುದೇ ಅಲ್ಲಿ.

ಎರಡು ಕಡೆ ಪ್ರತಿ ಇಟ್ಟು, ಅನ್‌ಲಾಕ್ ಮಾಡಿದೆ. ಫೋನ್ ಖಾಲಿಯಾಯಿತು. ಆಮೇಲೆ ಅದೇ ಬಿಲ್ಡ್ ನಂಬರಿನ ಫರ್ಮ್‌ವೇರ್ (ಕಂಪನಿಯ ಮೂಲ ಸಾಫ್ಟ್‌ವೇರ್) ಇಳಿಸಿ, ಅದರೊಳಗಿನ ಬೂಟ್ ಇಮೇಜನ್ನು, ಅಂದರೆ ಫೋನ್ ಏರುವಾಗ ಮೊದಲು ಓಡುವ ಭಾಗವನ್ನು, ರೂಟ್ ಕೊಡುವ ಮ್ಯಾಜಿಸ್ಕ್ ಆ್ಯಪ್‌ನಲ್ಲಿ ಪ್ಯಾಚ್ ಮಾಡಿದೆ. ಬಿಲ್ಡ್ ನಂಬರ್ ಒಂದೇ ಇರಬೇಕು, ಹತ್ತಿರದ್ದು ಅಂತ ಬೇರೆ ಹಾಕಿದರೆ ಫೋನ್ ಬೂಟ್ ಆಗದೇ ಹೋಗಬಹುದು. ಪ್ಯಾಚ್ ಆದ ಇಮೇಜನ್ನು ನೇರ ಫ್ಲ್ಯಾಶ್ ಮಾಡದೆ (ಫೋನಿಗೆ ಕಾಯಂ ಬರೆಯದೆ), ಮೊದಲು ಲ್ಯಾಪ್‌ಟಾಪಿನಿಂದ ಫಾಸ್ಟ್‌ಬೂಟ್ ಬೂಟ್ ಕಮಾಂಡಿನಲ್ಲಿ ಒಂದು ಸಲ ಏರಿಸಿ ನೋಡಿದೆ. ಎಲ್ಲಾ ಫೋನ್ ಇದಕ್ಕೆ ಒಪ್ಪುವುದಿಲ್ಲ, ಒಪ್ಪಿದರೆ ಒಳ್ಳೆಯದು, ಎಡವಟ್ಟಾದರೆ ರೀಸ್ಟಾರ್ಟ್ ಮಾಡಿದರೆ ಹಳೆಯದೇ ಬರುತ್ತದೆ.

ಆಂಡ್ರಾಯ್ಡ್‌ನ ಫೈಲುಗಳಿರುವ ಸಿಸ್ಟಮ್ ಪಾರ್ಟಿಶನ್ನಿಗೆ ನಾನು ಕೈ ಹಾಕಲಿಲ್ಲ. ಅಲ್ಲಿ ಒಂದು ಬೈಟ್ ಬದಲಾದರೂ ಕಂಪನಿಯ ಮುಂದಿನ ಅಪ್‌ಡೇಟ್ ನಿಂತುಹೋಗಬಹುದು. ಮ್ಯಾಜಿಸ್ಕ್ ಮಾಡ್ಯೂಲಿನಲ್ಲಿ ಸಿಸ್ಟಮ್, ಅದರೊಳಗೆ ಫಾಂಟ್ಸ್ ಅಂತ ಫೋಲ್ಡರ್ ಮಾಡಿ, ಅದೇ ಹೆಸರಿನ ಫೈಲ್ ಇಟ್ಟರೆ, ಬೂಟ್ ಆಗುವಾಗ ಅಸಲಿ ಫೈಲಿನ ಮೇಲೆ ನಮ್ಮದನ್ನು ಹೊದಿಸುತ್ತದೆ. ಅಸಲಿ ಹಾಗೇ ಇರುತ್ತದೆ.

ನೋಟೋ ಸ್ಯಾನ್ಸ್ ಕನ್ನಡದ ಮೀಡಿಯಂ ಫಾಂಟ್ ತಂದು, ರೆಗ್ಯುಲರ್ ಅಂತ ಹೆಸರು ಬದಲಿಸಿ ಇಟ್ಟೆ. ರೀಸ್ಟಾರ್ಟ್ ಮಾಡಿದರೆ ವಾಟ್ಸ್ಯಾಪಿನಲ್ಲಿ ಏನೂ ಬದಲಾಗಿಲ್ಲ. ಯಾವ ಲಿಪಿಗೆ ಯಾವ ಫಾಂಟ್ ಅಂತ ಬರೆದಿರುವ ಫಾಂಟ್ಸ್ ಎಕ್ಸ್‌ಎಂಎಲ್ ಫೈಲ್ ತೆರೆದು ಓದಿದ ಮೇಲೆ ಗೊತ್ತಾಯಿತು, ಕನ್ನಡಕ್ಕೆ ಎರಡು ಫಾಂಟ್ ಇವೆ. ಒಂದು ಸಾಮಾನ್ಯದ್ದು, ಇನ್ನೊಂದು ಯುಐ ಅನ್ನುವುದು, ಮೇಲೆ ಕೆಳಗೆ ಕಡಿಮೆ ಜಾಗದಲ್ಲಿ ಕೂರುವಂತೆ ಮಾಡಿದ್ದು. ಮೆನು, ಮೆಸೇಜು ಬಳಸುವುದು ಎರಡನೆಯದನ್ನು. ಸರಿ ಅಂತ ಅದೇ ಮೀಡಿಯಂ ಫೈಲನ್ನು ಯುಐ ಹೆಸರಿಗೂ ಹಾಕಿದೆ. ದಪ್ಪ ಆಯಿತು, ಆದರೆ "ಸೆಟ್ಟಿಂಗ್" ಪದದಲ್ಲಿ ಟ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿತ್ತು. ಒತ್ತಕ್ಷರ ಕಾಣಲಿ ಅಂತ ಮಾಡಿದ ಕೆಲಸದಲ್ಲಿ ಒತ್ತಕ್ಷರವೇ ಹೋದರೆ ಹೇಗೆ? ಕೊನೆಗೆ ನೋಟೋ ಸ್ಯಾನ್ಸ್ ಕನ್ನಡ ಯುಐನದ್ದೇ ಮೀಡಿಯಂ ಹುಡುಕಿ ಹಾಕಿದೆ, ಎಲ್ಲಾ ಆ್ಯಪ್‌ಗಳೂ ಓದಬಹುದು ಅನ್ನುವ ಫೈಲ್ ಪರ್ಮಿಷನ್ 644 ಕೊಟ್ಟೆ. ಒತ್ತುಗಳೆಲ್ಲ ಪೂರ್ತಿ ಬಂದವು.

ತಮ್ಮದೇ ಫಾಂಟ್ ತರುವ ವೆಬ್‌ಸೈಟುಗಳಲ್ಲಿ ಮಾತ್ರ ಹಳೆಯ ಹಾಗೇ ಕಾಣುತ್ತದೆ. ಒಂದು ಬ್ಯಾಂಕಿನ ಆ್ಯಪ್ ಅನ್‌ಲಾಕ್ ಆದ ಫೋನಿನಲ್ಲಿ ತೆರೆಯಲು ಒಪ್ಪಲಿಲ್ಲ. ಇದು ಆಗುತ್ತದೆ ಅಂತ ಅಪ್ಪನಿಗೆ ಮೊದಲೇ ಹೇಳಿ, ಒಪ್ಪಿಗೆ ತೆಗೆದುಕೊಂಡೇ ಕೈ ಹಾಕಿದ್ದೆ. ಈಗ ದುಡ್ಡಿನ ವ್ಯವಹಾರವೆಲ್ಲ ಅಮ್ಮನ ಫೋನಿನಲ್ಲಿ ನಡೆಯುತ್ತಿದೆ. ಅಪ್ಪ ಧಾರಣೆಯನ್ನು ಕನ್ನಡಕ ಹಾಕಿಕೊಂಡೇ ಓದುತ್ತಾರೆ, ಆದರೆ ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ಹೋಗುವುದು ನಿಂತಿದೆ.